ಕಂಬಳಿಯೋ, ಸ್ಲೀಪಿಂಗ್ ಬ್ಯಾಗೋ? ಚಿಕ್ಕಮಗಳೂರಿನ ಗಿರಿಚಳಿಗೆ ಕಟ್ಟುವ ಗಂಟು

ಡಿಸೆಂಬರ್, ಜನವರಿಯಲ್ಲಿ ಪ್ರಾಣಿ ನೋಡಲೆಂದು ನಮ್ಮ ಗಿರಿಗಳ ಕಡೆ ಬರುವ ಹಲವರು ಹಿಮಾಲಯಕ್ಕೆ ಹೋಗುವಾಗಿನ ಪಟ್ಟಿಯನ್ನೇ ಹಿಡಿದು ಸಾಮಾನು ಕೊಳ್ಳುತ್ತಾರೆ. ಇಲ್ಲಿಯ ಚಳಿಯ ಸ್ವಭಾವವೇ ಬೇರೆ. ಚಿಕ್ಕಮಗಳೂರು ಪೇಟೆ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಅಷ್ಟು ಏರುವುದರೊಳಗೆ ಉಷ್ಣಾಂಶ ಐದಾರು ಡಿಗ್ರಿ ಇಳಿಯುತ್ತದೆ, ನಿಜ. ಆದರೆ ರಾತ್ರಿಯಿಡೀ ಕಾಡುವುದು ಇಬ್ಬನಿ. ಕತ್ತಲಾಗುತ್ತಲೇ ಹುಲ್ಲು ಒದ್ದೆ, ಸರಿರಾತ್ರಿಗೆ ಮರದ ಎಲೆಗಳಿಂದ ಟಪಟಪ ಹನಿ, ಬಿಸಿಲು ಚೆನ್ನಾಗಿ ಏರುವವರೆಗೂ ಏನೂ ಆರುವುದಿಲ್ಲ. ಬಾಬಾಬುಡನ್‌ಗಿರಿ ತಪ್ಪಲಿನಲ್ಲಿ, ಪರಿಚಯದವರ ಕಾಫಿ ತೋಟದ ಅಂಚಿಗೆ ಶೋಲಾ ಕಾಡಿನ (ಗಿರಿಯ ಕಣಿವೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡು) ಕಡೆ ಮುಖ ಮಾಡಿ ಟೆಂಟ್ ಹಾಕಿ, ಒಂದೊಂದನ್ನೂ ಬಳಸಿ ನೋಡಿ ಬರೆಯುತ್ತಿದ್ದೇನೆ. (ಮೀಸಲು ಅರಣ್ಯದಲ್ಲಿ, ಭದ್ರಾ ಹುಲಿ ಮೀಸಲಿನೊಳಗೆ, ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಮಾಲೀಕರು ಒಪ್ಪಿದ ತೋಟವೇ ಸರಿಯಾದ ಜಾಗ.)

ಮೊದಲು ಹೊದಿಕೆ. ಪುಕ್ಕ ತುಂಬಿದ ಡೌನ್ ಸ್ಲೀಪಿಂಗ್ ಬ್ಯಾಗ್ ಹಗುರ, ಮಡಚಿದರೆ ತಂಬಿಗೆಯಷ್ಟೇ ಆಗುತ್ತದೆ. ಒಣಗಿದ್ದಾಗ ಅದಕ್ಕೆ ಸಾಟಿಯಿಲ್ಲ. ಪುಕ್ಕಗಳ ನಡುವೆ ನಿಂತ ಗಾಳಿಯೇ ಅದರ ಬಿಸುಪು. ತೇವ ತಗುಲಿದರೆ ಪುಕ್ಕ ಮುದುಡುತ್ತದೆ, ಗಾಳಿ ಹೋಗುತ್ತದೆ, ಬಿಸುಪೂ ಹೋಗುತ್ತದೆ. ಟೆಂಟಿನ ಗೋಡೆಗೆ ತಾಗಿದ ಕಾಲಿನ ಕಡೆ ಮೊದಲ ರಾತ್ರಿಯೇ ಚಪ್ಪಟೆಯಾಯಿತು. ಮಂಜು ಕವಿದ ಮರುದಿನ ಒಣಗಿಸಲು ಬಿಸಿಲೇ ಸಿಗಲಿಲ್ಲ, ಎರಡನೆಯ ರಾತ್ರಿ ಇನ್ನೂ ಕಷ್ಟವಾಯಿತು. ಸಿಂಥೆಟಿಕ್ ಬ್ಯಾಗ್ ಹೆಚ್ಚು ತೂಕ, ಹೆಚ್ಚು ಜಾಗ. ಆದರೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಮಲಗುವುದಕ್ಕೆ ನನ್ನ ಆಯ್ಕೆ ಇದೇ.

ಹಾಗಾದರೆ ಕಂಬಳಿ? ನನ್ನ ಹತ್ತಿರ ಇರುವುದು ಚಳ್ಳಕೆರೆ ಕಡೆಯ ಕರಿ ಕಂಬಳಿ, ಎರಡು ಕಿಲೋಗೂ ಮೇಲೆ ತೂಗುತ್ತದೆ. ಬೆನ್ನ ಮೇಲೆ ಹೊತ್ತು ಗಿರಿ ಹತ್ತುವವರಿಗೆ ನಾನದನ್ನು ಹೇಳುವುದಿಲ್ಲ. ಆದರೆ ಜೀಪು ಹೋಗುವ ಜಾಗವಾದರೆ ಬಿಟ್ಟು ಬರಬೇಡಿ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಮಲೆನಾಡಿನವರು ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ: ಅದು ಸದ್ದು ಮಾಡುವುದಿಲ್ಲ. ನೈಲಾನ್ ಜಾಕೆಟ್ ತೋಳು ಎತ್ತಿದರೆ ಸಾಕು, ಸರಸರ ಅನ್ನುತ್ತದೆ. ನಸುಕಿನ ಮೌನದಲ್ಲಿ ಕಡವೆಗೆ ಅಷ್ಟು ಸಾಕು, ಕಿವಿ ನಿಮಿರಿಸಿ ಒಂದು ಕೂಗು ಹಾಕಿ ಮಾಯ. ಕಂಬಳಿ ಹೊದ್ದು ಬಂಡೆಗೆ ಒರಗಿ ಕೂತ ಬೆಳಗುಗಳಲ್ಲಿ ಕಾಟಿಗಳು (ಕಾಡುಕೋಣಗಳು) ನೆಮ್ಮದಿಯಾಗಿ ಮೇಯುವುದನ್ನು ಬಹಳ ಹೊತ್ತು ನೋಡಿದ್ದೇನೆ. ಬಣ್ಣದ ವಿಷಯವೂ ಅಷ್ಟೇ. ಜಿಂಕೆ, ಕಡವೆಗಳಿಗೆ ಕೆಂಪು–ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ನೇತುಹಾಕಿರುವುದು ನೀಲಿ ಜಾಕೆಟ್‌ಗಳನ್ನೇ.

ಕಂಬಳಿಗೆ ಒಂದು ದೋಷವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಟ ಈ ಚಳಿಗಾಲದಲ್ಲೇ ಶುರುವಾಗಿ ಮುಂಗಾರಿನವರೆಗೂ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ತರಗೆಲೆಯ ಮೇಲೆ ಕಂಬಳಿ ಹಾಸಿದರೆ ಒರಟು ಕೂದಲಿಗೆ ಉಣುಗು ಹತ್ತಿ ಕೂರುತ್ತದೆ, ಕಪ್ಪಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ನುಣುಪಾದ ತಿಳಿಬಣ್ಣದ ನೈಲಾನ್ ಇಲ್ಲಿ ಗೆಲ್ಲುತ್ತದೆ. ಆದ್ದರಿಂದ ಕಂಬಳಿ ಹೆಗಲಿಗೆ ಮಾತ್ರ, ನೆಲಕ್ಕೆ ಎಂದೂ ಇಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ನಿವಾರಕ ತೈಲ ಹಚ್ಚಿಕೊಂಡು, ವಾಪಸು ಬಂದ ಮೇಲೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ.

ಹಾಸುವುದಕ್ಕೆ ಗಾಳಿ ತುಂಬುವ ಮ್ಯಾಟ್ ಮೆತ್ತಗೆ, ನಿದ್ದೆ ಸೊಗಸು. ಆದರೆ ಲಂಟಾನ ಮುಳ್ಳಿರುವ ನೆಲದಲ್ಲಿ ಅದನ್ನು ನಂಬಲಾರೆ, ಹೊರಳಿದರೆ ಕಿರ್ ಅನ್ನುವುದು ಬೇರೆ. ಫೋಮ್ ಮ್ಯಾಟ್ ಗಟ್ಟಿ, ಅಂದಗೇಡಿ, ಮುಳ್ಳು ಚುಚ್ಚಿದರೂ ಚಿಂತೆಯಿಲ್ಲ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಹಾಸಿ ಕೂರಬಹುದು.

ಟೆಂಟ್ ಎರಡು ಪದರದ್ದೇ ಇರಲಿ. ಒಂದೇ ಪದರದ್ದರಲ್ಲಿ ನಮ್ಮ ಉಸಿರಿನ ಆವಿಯೇ ಒಳಗೋಡೆಗೆ ಹನಿಗಟ್ಟಿ ಮುಖದ ಮೇಲೆ ಬೀಳುತ್ತದೆ. ಎಷ್ಟೇ ಚಳಿಯಾದರೂ ಗಾಳಿಕಿಂಡಿ ಮುಚ್ಚಬೇಡಿ. ತಣ್ಣನೆಯ ಗಾಳಿ ರಾತ್ರಿ ತಗ್ಗಿಗೆ ಇಳಿದು ನಿಲ್ಲುವುದರಿಂದ, ಹಳ್ಳದ ಪಕ್ಕಕ್ಕಿಂತ ಇಳಿಜಾರಿನ ನಡುವೆ ಹಾಕಿದ ಟೆಂಟೇ ಬೆಚ್ಚಗಿರುತ್ತದೆ.

ಬೈನಾಕ್ಯುಲರ್‌ಗಳಲ್ಲಿ 10x42 (ಹತ್ತು ಪಟ್ಟು ಹಿಗ್ಗಿಸಿ ತೋರುವ, 42 ಮಿಲಿಮೀಟರ್ ಅಗಲದ ಮುಂಗಾಜಿನದು) ದೂರದ ಹುಲ್ಲುಬೆಟ್ಟಕ್ಕೆ ಚೆಂದ. ನಾನು ಒಯ್ಯುವುದು 8x42. ನಲವತ್ತೆರಡನ್ನು ಎಂಟರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿಲಿಮೀಟರ್, ಹತ್ತರಿಂದಾದರೆ 4.2. ಕಾಡುಕೋಳಿ ಕೂಗುವ ಹೊತ್ತಿನ ಅರೆಬೆಳಕಿನಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಚಳಿಗೆ ಕೈ ನಡುಗಿದರೂ ಎಂಟರಲ್ಲಿ ನೋಟ ಅಷ್ಟು ಅಲುಗುವುದಿಲ್ಲ. ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಬೇಡಿ. ಬೆಚ್ಚಗಿನ ಒದ್ದೆ ಗಾಳಿಯಲ್ಲಿ ಗಾಜು ಮಸುಕಾಗುತ್ತದೆ.

ಗ್ಯಾಸ್ ಸ್ಟವ್ ಮತ್ತು ಫ್ಲಾಸ್ಕ್ ನಡುವೆ ನನಗೆ ಗೊಂದಲವೇ ಇಲ್ಲ. ಸ್ಟವ್ ಬುಸುಗುಡುತ್ತದೆ, ಜನವರಿ ಕಳೆದರೆ ಒಣಹುಲ್ಲಿನ ಬೆಟ್ಟದಲ್ಲಿ ಒಂದು ಕಿಡಿ ಏನು ಮಾಡಬಲ್ಲದು ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ತೋಟದ ಮನೆಯಲ್ಲಿ ರಾತ್ರಿಯೇ ಕಾಫಿ ತುಂಬಿಸಿಕೊಂಡ ಫ್ಲಾಸ್ಕ್, ಒಂದು ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಚಟ್ನಿಪುಡಿ. ಬಾಳೆಹಣ್ಣು, ಬೆಲ್ಲ ಮಾತ್ರ ಆ ಮನೆಯಲ್ಲೇ ಇರಲಿ. ಆನೆ ಓಡಾಡುವ ಸೀಮೆಯಲ್ಲಿ ಅವುಗಳ ವಾಸನೆ ಟೆಂಟಿನ ಹತ್ತಿರ ಸುಳಿಯಬಾರದು.