ಹಳೇ ಸ್ಟೀರಿಯೊ ರಿಸೀವರ್‌ಗೆ ನಾಲ್ಕು ಸ್ಪೀಕರ್: ಪ್ಯಾಸಿವ್ ಕ್ವಾಡ್ ಅಡಾಪ್ಟರ್ ವರ್ಷಗಟ್ಟಲೆ ಬಳಸಿದ ಮೇಲೆ

70ರ ದಶಕದ ಸ್ಟೀರಿಯೊ ರಿಸೀವರ್ ಇಟ್ಟುಕೊಂಡವರಿಗೆ ಹಿಂದೆ ಇನ್ನೆರಡು ಸ್ಪೀಕರ್ ಇಟ್ಟು ಕ್ವಾಡ್ರಫೋನಿಕ್, ಅಂದರೆ ನಾಲ್ಕು ಕಡೆಯಿಂದ ಬರುವ ಸಂಗೀತ ಕೇಳುವ ಆಸೆ ಬಂದೇ ಬರುತ್ತದೆ. ಅದಕ್ಕೆ ನಾನು ಹಿಡಿದದ್ದು ತೀರಾ ಸರಳವಾದ ದಾರಿ. ಅಮೆರಿಕದ ಆಡಿಯೊ ಎಂಜಿನಿಯರ್ ಡೇವಿಡ್ ಹ್ಯಾಫ್ಲರ್ ಅವರ ಸರ್ಕ್ಯೂಟ್ ಇರುವ ಒಂದು ಸಣ್ಣ ಪ್ಯಾಸಿವ್ ಡಬ್ಬಿ. ಡೈನಾಕೊ ಕಂಪನಿ ಆ ಕಾಲದಲ್ಲಿ ಕ್ವಾಡಾಪ್ಟರ್ ಅನ್ನೋ ಹೆಸರಲ್ಲಿ ಮಾರುತ್ತಿದ್ದದ್ದು ಇದೇ ಜಾತಿಯದು. ಕರೆಂಟ್ ಬೇಡ, ಇನ್ನೊಂದು ಆಂಪ್ಲಿಫೈಯರ್ ಬೇಡ. ರಿಸೀವರ್ ಬಿಚ್ಚುವುದೂ ಬೇಡ. ಸ್ಪೀಕರ್ ವೈರ್ ಇದರ ಮೂಲಕ ಹಾಯಿಸಿದರೆ ಮುಗಿಯಿತು.

ಇದು ಮಾಡುವುದು ಒಂದೇ ಕೆಲಸ. ಎಡ ಚಾನೆಲ್‌ಗೂ ಬಲ ಚಾನೆಲ್‌ಗೂ ಇರುವ ವ್ಯತ್ಯಾಸವನ್ನಷ್ಟೇ ಹಿಂದಿನ ಸ್ಪೀಕರ್‌ಗಳಿಗೆ ಕಳಿಸುತ್ತದೆ. ನಡುವೆ ನಿಂತು ಹಾಡುವವರ ದನಿ ಎರಡೂ ಚಾನೆಲ್‌ನಲ್ಲಿ ಒಂದೇ ಸಮ ಇರುತ್ತದೆ, ಹಾಗಾಗಿ ಹಿಂದೆ ಕೇಳುವುದಿಲ್ಲ. ಉಳಿಯುವುದು ಸಭಾಂಗಣದ ಗುಂಯ್‌ಗುಡುವಿಕೆ, ಚಪ್ಪಾಳೆ, ಪಕ್ಕದ ವಾದ್ಯಗಳು.

ಕಛೇರಿಯಲ್ಲೇ ನೇರವಾಗಿ ರೆಕಾರ್ಡ್ ಮಾಡಿದ ಸಂಗೀತಕ್ಕೆ ಇದು ನಿಜವಾಗಿಯೂ ಜೀವ ತುಂಬುತ್ತದೆ. ಗೋಡೆಗಳು ದೂರ ಸರಿದ ಹಾಗಾಗುತ್ತದೆ. ಹಿಂದಿನ ಸ್ಪೀಕರ್ ಆಫ್ ಮಾಡಿದಾಗಲೇ ಅದು ಎಷ್ಟು ಕೆಲಸ ಮಾಡುತ್ತಿತ್ತು ಅಂತ ಗೊತ್ತಾಗುವುದು. ಇಷ್ಟು ವರ್ಷವಾದರೂ ಆ ಖುಷಿ ನನಗೆ ಕಡಿಮೆಯಾಗಿಲ್ಲ. ಆದರೆ 60ರ ದಶಕದ ಕೆಲವು ಸ್ಟೀರಿಯೊ ರೆಕಾರ್ಡ್‌ಗಳಲ್ಲಿ ಹಾಡು ಪೂರ್ತಿ ಒಂದು ಕಡೆ, ವಾದ್ಯ ಪೂರ್ತಿ ಇನ್ನೊಂದು ಕಡೆ ಇರುತ್ತದೆ. ಅಂಥವು ಎಲ್ಲವೂ ಹಿಂದಕ್ಕೆ ಬಂದು ಸುರಿಯುತ್ತವೆ. ಆಗ ಹಿಂದಿನ ಸದ್ದು ಹೆಚ್ಚುಕಡಿಮೆ ಮಾಡುವ ಡಬ್ಬಿಯ ನಾಬ್ ಪೂರ್ತಿ ಇಳಿಸಿಬಿಡುತ್ತೇನೆ.

ಸೆಟ್ ಮಾಡುವುದು ಸುಲಭ. ಒಂದು ಮೋನೊ ಹಾಡು ಹಾಕಿ, ಹಿಂದಿನ ಸ್ಪೀಕರ್ ಹತ್ತಿರ ಕಿವಿ ಇಟ್ಟು, ಅದು ಆದಷ್ಟು ಮೌನವಾಗುವ ತನಕ ರಿಸೀವರಿನ ಬ್ಯಾಲೆನ್ಸ್ (ಎಡ ಬಲ ಸಮ ಮಾಡುವ ನಾಬ್) ತಿರುಗಿಸಬೇಕು. ಇದನ್ನು ತಪ್ಪದೆ ಮಾಡಿ. ಬ್ಯಾಲೆನ್ಸ್ ಸ್ವಲ್ಪ ಆಚೀಚೆ ಇದ್ದರೂ ಹಾಡುವವರ ದನಿ ಹಿಂದೆ ಸೋರುತ್ತದೆ, ಇಡೀ ಚಿತ್ರ ಕದಡುತ್ತದೆ.

ಈ ಡಬ್ಬಿ ಮೂಲದಲ್ಲಿ, ಅಂದರೆ ರೇಡಿಯೊ ಅಥವಾ ರೆಕಾರ್ಡಿನಲ್ಲೇ ಇರುವ ಕೊರತೆಯನ್ನೂ ಎತ್ತಿ ತೋರಿಸುತ್ತದೆ. ಎಫ್‌ಎಂ ಸ್ಟೀರಿಯೊದಲ್ಲಿ ವ್ಯತ್ಯಾಸದ ಸಿಗ್ನಲ್ ಬೇರೆಯಾಗಿ 38 ಕಿಲೊಹರ್ಟ್ಸ್ ಸಬ್‌ಕ್ಯಾರಿಯರ್ (ಮುಖ್ಯ ಸಿಗ್ನಲ್ ಜೊತೆಗಿನ ಉಪ ತರಂಗ) ಮೇಲೆ ಬರುತ್ತದೆ. ಸ್ಟೇಷನ್ ದುರ್ಬಲವಾಗಿದ್ದರೆ ಹಿಸ್, ಅಂದರೆ ಸುಯ್ ಅನ್ನುವ ಸದ್ದು ಜಾಸ್ತಿಯಾಗುವುದು ಅದರಲ್ಲೇ. ಅದು ನೆಟ್ಟಗೆ ಹಿಂದಿನ ಸ್ಪೀಕರ್‌ಗೆ ಹೋಗುತ್ತದೆ. ಒಳ್ಳೆ ಆಂಟೆನಾ ಬೇಕು, ಇಲ್ಲದಿದ್ದರೆ ಮೋನೊ ಒತ್ತಿ. ಎಲ್‌ಪಿ ಕಥೆಯೂ ಹೀಗೇ. ಸೂಜಿ ಅಡ್ಡಡ್ಡ ಆಡಿದರೆ ಮೋನೊ, ಮೇಲೆ ಕೆಳಗೆ ಆಡಿದರೆ ವ್ಯತ್ಯಾಸ. ಸೊಟ್ಟಗಾದ ರೆಕಾರ್ಡ್, ಟರ್ನ್‌ಟೇಬಲ್ಲಿನ ಗುರುಗುರು, ಧೂಳಿನ ಚಟಪಟ ಇವು ಹಿಂದೆಯೇ ಜಾಸ್ತಿ ಕೇಳುತ್ತವೆ. ಈ ಡಬ್ಬಿ ಬಂದ ಮೇಲೆ ರೆಕಾರ್ಡ್ ಒರೆಸದೆ ಹಾಕುವುದನ್ನೇ ಬಿಟ್ಟೆ.

ಹಿಂದಿನ ಸ್ಪೀಕರ್ ದೊಡ್ಡದಿರಬೇಕಿಲ್ಲ. ಎಲ್‌ಪಿಗಳಲ್ಲಿ ಬಾಸ್ ಹೆಚ್ಚಾಗಿ ನಡುವೆಯೇ ಇರುವುದರಿಂದ ಹಿಂದಕ್ಕೆ ಹೋಗುವುದು ಕಡಿಮೆ. ಆದರೆ ಮುಂದಿನವುಗಳಷ್ಟೇ ಜೋರಾಗಿ ನುಡಿಯುವಂಥವು ಬೇಕು. ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು) ಕಡಿಮೆ ಇದ್ದರೆ ಅದನ್ನು ತುಂಬಿಕೊಡಲು ಇಲ್ಲಿ ಬೇರೆ ಆಂಪ್ಲಿಫೈಯರ್ ಇಲ್ಲವಲ್ಲ.

ಒಂದು ಎಚ್ಚರಿಕೆ. ಎರಡೂ ಚಾನೆಲ್‌ಗಳ ಕಪ್ಪು ಟರ್ಮಿನಲ್ ಒಳಗೆ ಒಂದೇ ಗ್ರೌಂಡ್‌ಗೆ ಸೇರಿರುವ ರಿಸೀವರ್‌ಗೆ ಮಾತ್ರ ಇದು ಸರಿ. ಬಿಟಿಎಲ್ ಅಂದರೆ ಬ್ರಿಜ್ ಔಟ್‌ಪುಟ್, ಕಪ್ಪು ಟರ್ಮಿನಲ್‌ನಲ್ಲೂ ಗ್ರೌಂಡ್ ಬದಲು ಸಿಗ್ನಲ್ಲೇ ಇರುವುದಕ್ಕೆ ಹಾಕಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಹೋಗಬಹುದು. ಪ್ಲಗ್ ತೆಗೆದು, ಸ್ಪೀಕರ್ ವೈರ್ ಬಿಚ್ಚಿ, ಎರಡು ಕಪ್ಪು ಟರ್ಮಿನಲ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಸೊನ್ನೆ ಓಮ್ ಹತ್ತಿರ ಇರಬೇಕು. ಸಂಶಯವಿದ್ದರೆ ಸರ್ವಿಸ್ ಮ್ಯಾನುಯಲ್ ನೋಡದೆ ಮುಂದುವರಿಯಬೇಡಿ. ನಾಲ್ಕೂ ಸ್ಪೀಕರ್ 8 ಓಮ್ ಇರಲಿ. ಎರಡು ಚಾನೆಲ್‌ಗಳ ಸಿಗ್ನಲ್ ವಿರುದ್ಧ ದಿಕ್ಕಿನಲ್ಲಿದ್ದಾಗ ರಿಸೀವರ್‌ಗೆ 4 ಓಮ್ ಹತ್ತಿರದ ಲೋಡ್ ಬೀಳುತ್ತದೆ. ಮುಂದೆ 4 ಓಮ್ ಸ್ಪೀಕರ್ ಇದ್ದರೆ ಇನ್ನೂ ಕೆಳಗಿಳಿಯುತ್ತದೆ, ಅಷ್ಟನ್ನು ಹಳೇ ರಿಸೀವರ್ ಮೇಲೆ ಹೇರುವುದು ಬೇಡ.

ಇಷ್ಟು ವರ್ಷಗಳಲ್ಲಿ ತೊಂದರೆ ಕೊಟ್ಟಿದ್ದು ನಾಬ್ ಒಂದೇ. ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದೆ, ಸರಿಹೋಯಿತು.

ಇದು ನಿಜವಾದ ನಾಲ್ಕು ಚಾನೆಲ್ ಅಲ್ಲ. ನಾಲ್ಕು ಚಾನೆಲ್ಲನ್ನು ಎಲ್‌ಪಿಯಲ್ಲಿ ಅಡಗಿಸಲು ಆ ಕಾಲದಲ್ಲಿ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಸ್ಯಾನ್‌ಸುಯಿಯವರ ಕ್ಯೂಎಸ್ ರೆಕಾರ್ಡ್‌ಗಳು ಇದರಲ್ಲಿ ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿ ಬರುತ್ತವೆ. ಸಿಬಿಎಸ್‌ನ ಎಸ್‌ಕ್ಯೂ ರೆಕಾರ್ಡ್‌ಗಳಲ್ಲಿ ಹಿಂದಿನ ಚಾನೆಲ್‌ಗಳನ್ನು 90 ಡಿಗ್ರಿ ಫೇಸ್ ಅಂತರದಲ್ಲಿ (ಕಾಲು ಅಲೆಯಷ್ಟು ಹಿಂದೆಮುಂದೆ) ಸೇರಿಸಿರುತ್ತಾರೆ. ಬರೀ ವ್ಯತ್ಯಾಸ ತೆಗೆದರೆ ಹಿಂದಿನ ಎಡ, ಬಲ ಬೇರೆಯಾಗುವುದಿಲ್ಲ. ಜೆವಿಸಿಯ ಸಿಡಿ-4 ಅಂತೂ 30 ಕಿಲೊಹರ್ಟ್ಸ್ ಕ್ಯಾರಿಯರ್ ಮೇಲೆ ನಿಂತಿದೆ, ಅದಕ್ಕೆ ಅಷ್ಟು ಎತ್ತರದ ಧ್ವನಿಯನ್ನೂ ಓದಬಲ್ಲ ಶಿಬಾಟಾದಂಥ ವಿಶೇಷ ಆಕಾರದ ಸೂಜಿ, ಆ ಕ್ಯಾರಿಯರ್ ಬಿಡಿಸುವ ಡಿಮಾಡ್ಯುಲೇಟರ್ ಎರಡೂ ಬೇಕು. ನಿಮ್ಮ ಹತ್ತಿರ ಎಸ್‌ಕ್ಯೂ ರೆಕಾರ್ಡ್‌ಗಳೇ ಜಾಸ್ತಿ ಇದ್ದರೆ ಈ ಡಬ್ಬಿ ಕೊಳ್ಳಬೇಡಿ. ರಿಸೀವರಿನ ಟೇಪ್ ಮಾನಿಟರ್ ಲೂಪಿಗೆ (ಟೇಪ್ ರೆಕಾರ್ಡರ್ ಸೇರಿಸುವ ಜಾಗ) ಲಾಜಿಕ್, ಅಂದರೆ ಯಾವ ದಿಕ್ಕಿನ ಸದ್ದು ಜೋರೋ ನೋಡಿ ಬೇರ್ಪಡಿಕೆ ಹೆಚ್ಚಿಸುವ ಸರ್ಕ್ಯೂಟ್ ಇರುವ ಡಿಕೋಡರ್ ಹಾಕಿ, ಹಿಂದಿನ ಜೋಡಿಗೆ ಇನ್ನೊಂದು ಆಂಪ್ಲಿಫೈಯರ್ ಕೊಡಿ. ಲಾಜಿಕ್ ಇಲ್ಲದ ಸಾದಾ ಎಸ್‌ಕ್ಯೂ ಡಿಕೋಡರ್‌ನಲ್ಲಿ ಮುಂದೆ ಹಿಂದೆ ನಡುವಿನ ಬೇರ್ಪಡಿಕೆ ಕೆಲವು ದಿಕ್ಕಿಗೆ 3 ಡೆಸಿಬಲ್ ಮಾತ್ರ. ಅದಕ್ಕೆ ದುಡ್ಡು ಹಾಕುವುದು ಬೇಡ.