ಮುಂಬಾಗಿಲಿಗೆ ಹೊಳೆಯುವ ಟೈಲ್ಸ್ ಹಾಕಿಸುವ ಮುನ್ನ ಇದನ್ನೊಮ್ಮೆ ಓದಿ

ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಮುಂಬಾಗಿಲು, ಅದು ಲಕ್ಷಣವಾಗಿರಲಿ ಅಂತ ಅದರ ಮುಂದಿನ ಜಗುಲಿಗೆ ಹೊಳೆಯುವ ಟೈಲ್ಸ್ ಹಾಕಿಸಲು ಹೊರಟವನು ನಾನು. ಕೆಲಸ ಮುಗಿದ ದಿನ ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದ್ದೂ ಉಂಟು. ಮೂರನೇ ವಾರ ಮಳೆ ಬಂತು. ಅಮ್ಮ ಅದೇ ಜಗುಲಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಹಳೆಯದು ಒರಟು ಸಿಮೆಂಟ್ ನೆಲ. ನೋಡಲು ಮಂಕು, ಅಷ್ಟೇ. ಇಷ್ಟು ವರ್ಷದಲ್ಲಿ ಯಾರನ್ನೂ ಬೀಳಿಸಿರಲಿಲ್ಲ. "ಒಡೆಯೋದೆಲ್ಲ ಯಾಕೆ ಸರ್, ಅದರ ಮೇಲೇ ಹಾಕಿಬಿಡೋಣ, ಎರಡು ದಿನದಲ್ಲಿ ಮುಗಿಯುತ್ತೆ" ಅಂದರು ಮೇಸ್ತ್ರಿ. ನಾನೂ ಹೂಂ ಅಂದೆ. ಆರಿಸಿದ್ದು ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಅಂಗಡಿಯಲ್ಲಿ ಒಣ ತುಂಡನ್ನು ಕೈಯಿಂದ ಸವರಿ ನೋಡಿದ್ದೆ. ಒಂದು ಲೋಟ ನೀರು ಸುರಿದು ಕಾಲಿಟ್ಟು ನೋಡಬೇಕಿತ್ತು. ನೆಲದ ಟೈಲ್ಸಿಗೆ ಜಾರುವಿಕೆಯ ದರ್ಜೆ ಅಂತಲೇ ಇದೆ, ಆರ್ 9ರಿಂದ ಆರ್ 13ರವರೆಗೆ. ಸಂಖ್ಯೆ ಹೆಚ್ಚಿದಷ್ಟೂ ಕಾಲಿಗೆ ಹಿಡಿತ. ಮಳೆ ಬೀಳುವ ಜಾಗಕ್ಕೆ ಆರ್ 11 ಅಥವಾ ಅದಕ್ಕೂ ಮೇಲಿನದನ್ನು ಕೇಳಿ. ನನಗೆ ಇದು ತಿಳಿದದ್ದು ಅಮ್ಮನ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ.

ಜಾರುವುದೊಂದೇ ಆಗಿದ್ದರೆ ರಬ್ಬರ್ ಮ್ಯಾಟ್ ಹಾಸಿ ಸುಮ್ಮನಾಗುತ್ತಿದ್ದೆನೇನೋ. ಟೈಲ್ಸು, ಅದರಡಿಯ ಅಂಟು ಎರಡೂ ಸೇರಿ ಜಗುಲಿ ಸುಮಾರು 18 ಮಿಲಿಮೀಟರ್ ಮೇಲೆದ್ದಿತ್ತು. ಮೆಟ್ಟಿಲುಗಳನ್ನು ಮುಟ್ಟಿರಲಿಲ್ಲ. ಹೀಗಾಗಿ ಜಗುಲಿಗೆ ಹತ್ತುವ ಕೊನೆಯ ಹೆಜ್ಜೆ ಮಾತ್ರ ಉಳಿದವಕ್ಕಿಂತ ಅಷ್ಟು ಎತ್ತರ. ಕಣ್ಣಿಗೆ ಗೊತ್ತೇ ಆಗಲ್ಲ. ಕಾಲು ಮಾತ್ರ ಹಿಂದಿನ ಮೆಟ್ಟಿಲಿನ ಅಳತೆಯನ್ನೇ ನಂಬಿ ಏಳುತ್ತೆ, ಅಂಚಿಗೆ ಬಡಿಯುತ್ತೆ. ಬಂದವರು ಒಬ್ಬೊಬ್ಬರಾಗಿ ಎಡವಿ, ತಮ್ಮದೇ ತಪ್ಪೇನೋ ಎಂಬಂತೆ ನಗುತ್ತ ಒಳಗೆ ಬರುತ್ತಿದ್ದರು. ಒಳ್ಳೆ ಸ್ವಾಗತ!

ವಾಟವೂ ಹೋಯಿತು. ಹಳೆಯ ನೆಲ ಹೊರಗಡೆಗೆ ಇಳಿಜಾರಾಗಿತ್ತು. ಹೊಸದನ್ನು ಮಟ್ಟಸವಾಗಿ ಕೂರಿಸಿಬಿಟ್ಟರು. ಮೀಟರಿಗೆ 10 ಮಿಲಿಮೀಟರಾದರೂ ಹೊರಕ್ಕೆ ವಾಟ ಬೇಕು, ಇಲ್ಲದಿದ್ದರೆ ನೀರು ಹೊಸ್ತಿಲ ಬುಡದಲ್ಲೇ ನಿಲ್ಲುತ್ತೆ. ನಮ್ಮಲ್ಲಿ ನಿಂತಿತು.

ಇನ್ನು ಬಾಗಿಲಿನ ಕಥೆ. ನಮ್ಮದು ಹೊರಕ್ಕೆ ತೆರೆಯುವ ಬಾಗಿಲು, ನೆಲ ಎದ್ದ ಕೂಡಲೇ ಉಜ್ಜತೊಡಗಿತು. ಬಡಗಿ ಬಂದು ಬಾಗಿಲಿನ ತಳಕ್ಕೆ ರಂದ ಹೊಡೆದು ಹೋದರು. ಹಾಗೆ ತೆರೆದುಕೊಂಡ ಮರಕ್ಕೆ ಯಾರೂ ವಾರ್ನಿಷ್ ಬಳಿಯಲಿಲ್ಲ, ನನಗೂ ಹೊಳೆಯಲಿಲ್ಲ. ನಿಂತ ನೀರನ್ನು ಅದು ಬತ್ತಿಯ ಹಾಗೆ ಹೀರಿ ಉಬ್ಬಿತು, ಬಾಗಿಲು ಮತ್ತೆ ಕಚ್ಚಿಕೊಂಡಿತು. ಬಾಗಿಲಿನ ಮುಖ ಎಷ್ಟಾದರೂ ಮಿಂಚಲಿ, ಮೇಲಿನ ಮತ್ತು ಕೆಳಗಿನ ಅಂಚಿಗೂ ವಾರ್ನಿಷ್ ಬಿದ್ದಿದೆಯಾ ಅಂತ ಬಗ್ಗಿ ನೋಡಿ. ಮನೆಯೊಳಗಿನ ವಾರ್ನಿಷ್ ಬೇಡವೇ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತೆ.

ಹೂಕುಂಡಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದೂ ನನ್ನದೇ ಬುದ್ಧಿವಂತಿಕೆ. ಬೀಳುವಾಗ ಅಮ್ಮ ಹಿಡಿಯಲು ಹೋಗಿದ್ದು ಕುಂಡವನ್ನು.

ಕೊನೆಗೆ ಎಲ್ಲ ಒಡೆಸಿ, ವಾಟ ಕೊಡಿಸಿ, ಮೆಟ್ಟಿಲಿಗೂ ಜಗುಲಿಗೂ ಒಂದೇ ತರಹದ ಒರಟು ಟೈಲ್ಸ್ ಹಾಕಿಸಿದೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿಯೂ ಬಂತು. ಅಮ್ಮ ಈಗಲೂ ಬಿಸಿಲಲ್ಲೂ ಕಂಬಿ ಬಿಡದೆ ಇಳಿಯುತ್ತಾರೆ. ಉಳಿದ ಎರಡು ಪೆಟ್ಟಿಗೆ ಹೊಳೆಯುವ ಟೈಲ್ಸ್ ಮೂಲೆಯಲ್ಲಿವೆ. ಗೋಡೆಗೆ ಬೇಕಾದವರು ಒಯ್ಯಬಹುದು. ನೆಲಕ್ಕೆ ಅಂದರೆ ಕೊಡಲ್ಲ.