ಫಾರಿನ್ ಪೇಮೆಂಟ್ ಸಾಫ್ಟ್‌ವೇರ್: ಸ್ಕ್ರೀನಿಂಗ್ ಸೂಪರ್, ಪರ್ಪಸ್ ಕೋಡ್ ಸ್ಕ್ರೀನ್ ಮಾತ್ರ ತಲೆನೋವು

ನಾನು ಮುಂಬೈಲಿ ಒಂದು ಬ್ಯಾಂಕಿನ ಬ್ಯಾಕ್ ಆಫೀಸಲ್ಲಿ ಇನ್‌ವರ್ಡ್ ರೆಮಿಟೆನ್ಸ್ ಡೆಸ್ಕ್, ಅಂದ್ರೆ ಹೊರದೇಶದಿಂದ ಬರೋ ದುಡ್ಡಿನ ಕೆಲಸ ನೋಡ್ಕೊಳ್ತೀನಿ, ಆಫೀಸು ಅಂಧೇರಿಲಿ. ಹಳೇ ಸಿಸ್ಟಮ್ ತೆಗೆದು ಹೊಸ ಪೇಮೆಂಟ್ ಸಾಫ್ಟ್‌ವೇರ್ ಹಾಕಿದ್ದಾರೆ. ಬ್ಯಾಂಕಿನ ಹೆಸರಾಗ್ಲಿ ಕಂಪನಿ ಹೆಸರಾಗ್ಲಿ ಬರೆಯೋ ಹಾಗಿಲ್ಲ, ಆದ್ರೆ ನಿಮ್ ಬ್ಯಾಂಕಲ್ಲೂ ಇಂಥದ್ದು ತಗೊಳ್ಳೋ ಮಾತು ನಡೀತಿದ್ರೆ ಏನೇನು ನೋಡ್ಬೇಕು ಅನ್ನೋದಕ್ಕೆ ಇದು ಉಪಯೋಗ ಆಗ್ಬಹುದು.

ನನಗೆ ತುಂಬಾ ಇಷ್ಟ ಆಗಿದ್ದು ಸ್ಯಾಂಕ್ಷನ್ ಸ್ಕ್ರೀನಿಂಗ್, ಅಂದ್ರೆ ನಿರ್ಬಂಧ ಹಾಕಿರೋರ ಹೆಸರು ಪೇಮೆಂಟಲ್ಲಿ ಇದ್ಯಾ ಅಂತ ನೋಡೋದು. ಹೊರಗಿಂದ ಬರೋ ಪ್ರತಿ ಪೇಮೆಂಟಲ್ಲೂ ಕಳಿಸಿದವರು, ಪಡೆಯೋರು, ಮಧ್ಯದ ಬ್ಯಾಂಕು ಎಲ್ಲರ ಹೆಸರನ್ನೂ ವಿಶ್ವಸಂಸ್ಥೆ ಪಟ್ಟಿ, ಅಮೆರಿಕ ಸರ್ಕಾರದ ನಿರ್ಬಂಧ ಕಚೇರಿ ಒಫ್ಯಾಕ್‌ನ ಪಟ್ಟಿ ಇಂಥವುಗಳ ಜೊತೆ ತಾಳೆ ನೋಡ್ತೀವಿ. ನಮ್ ಕರಾವಳಿ ಕಡೆಯೋರು ದುಬೈ, ದಮ್ಮಾಮ್‌ನಿಂದ ಮನೆಗೆ ಕಳಿಸೋ ದುಡ್ಡು ಸಿಕ್ಕಾಕ್ಕೊಳ್ಳೋದು ಇಲ್ಲೇ. ಭಟ್ಕಳ, ಮಂಗಳೂರು ಕಡೆ ಮೊಹಮ್ಮದ್, ಅಬ್ದುಲ್ ಅನ್ನೋ ಹೆಸರಿನವರು ಬೀದಿಗೆ ಹತ್ತು ಜನ ಇರ್ತಾರೆ, ಪಟ್ಟಿಲೂ ಅಂಥದೇ ಹೆಸರುಗಳು, ಹಿಟ್ (ಹೆಸರು ಹೊಂದಿಕೆ ಆಯ್ತು ಅನ್ನೋ ಎಚ್ಚರಿಕೆ) ಬರದೇ ಇರುತ್ತಾ? ಹಳೇ ಸಿಸ್ಟಮ್ ಒಂದು ಕೆಂಪು ಗೆರೆ ತೋರಿಸಿ ಸುಮ್ನಾಗ್ತಿತ್ತು, ಯಾಕೆ ಹಿಟ್ ಆಯ್ತು ಅಂತ ನಾವೇ ಹುಡುಕ್ಬೇಕಿತ್ತು, ಅಷ್ಟೊತ್ತಿಗೆ ಕಟ್-ಆಫ್ ಟೈಮ್ ಮುಗಿದು ಅಲ್ಲಿ ಊರಲ್ಲಿ ಯಾರದೋ ತಾಯಿ ಬ್ರಾಂಚಿಗೆ ಬಂದು ಬರಿಗೈಲಿ ವಾಪಸ್ ಹೋಗಿರ್ತಿದ್ರು. ಹೊಸದ್ರಲ್ಲಿ ಸ್ಕ್ರೀನ್ ಎಡಗಡೆ ನಮ್ ಖಾತೆದಾರರು, ಬಲಗಡೆ ಪಟ್ಟಿಲಿರೋ ವ್ಯಕ್ತಿ, ಹುಟ್ಟಿದ ತಾರೀಖು, ದೇಶ, ಹೊಂದಿಕೆ ಆದ ಅಕ್ಷರಗಳಿಗೆಲ್ಲಾ ಹಳದಿ ಬಣ್ಣ. ಪಟ್ಟಿಲಿರೋನು 1958ರಲ್ಲಿ ಹುಟ್ಟಿದವನು, ನಮ್ಮವರು 1991, ಕಣ್ಣಿಗೇ ಕಾಣುತ್ತೆ. ಕಾರಣ ಬರೀದೆ ಕ್ಲೋಸ್ ಮಾಡಕ್ಕೆ ಬಿಡಲ್ಲ, ಬರೆದಿದ್ದು ಚೆಕರ್, ಅಂದ್ರೆ ನಮ್ ಕೆಲಸ ಮತ್ತೊಮ್ಮೆ ನೋಡೋರ ಹತ್ರ ಹೋಗಿ ಅವರು ಒಪ್ಪಿದ್ಮೇಲೇ ಪೇಮೆಂಟ್ ಮುಂದೆ ಹೋಗೋದು. ಅದೇ ಮನುಷ್ಯ ಮುಂದಿನ ತಿಂಗಳು ಅದೇ ಅಕೌಂಟಿಗೆ ಕಳಿಸಿದ್ರೆ ಹಿಂದೆ ಬರೆದ ಕಾರಣ ಪಕ್ಕದಲ್ಲೇ ಕಾಣುತ್ತೆ. ಇದಕ್ಕೆ ಎಷ್ಟು ಹೊಗಳಿದ್ರೂ ಕಮ್ಮಿ ಮಾರಾಯ್ರೆ.

ಕೋರ್ ಬ್ಯಾಂಕಿಂಗ್ (ಖಾತೆಗಳ ಲೆಕ್ಕ ಎಲ್ಲಾ ಇರೋ ಬ್ಯಾಂಕಿನ ಮುಖ್ಯ ಸಿಸ್ಟಮ್) ಜೊತೆ ಜೋಡಣೆನೂ ಗಟ್ಟಿ ಇದೆ. 2018ರಲ್ಲಿ ಇದೇ ಊರಿನ ಫೋರ್ಟ್‌ನಲ್ಲಿರೋ ಪಂಜಾಬ್ ನ್ಯಾಷನಲ್ ಬ್ಯಾಂಕ್ ಬ್ರೇಡಿ ಹೌಸ್ ಬ್ರಾಂಚಿನ ಹಗರಣ ನೆನಪಿರ್ಬೇಕಲ್ಲ, ಸ್ವಿಫ್ಟ್ (ದೇಶ ದೇಶದ ಬ್ಯಾಂಕ್‌ಗಳ ನಡುವಿನ ಸಂದೇಶ ಜಾಲ) ಮೆಸೇಜ್ ಹೋಗ್ತಿತ್ತು, ಕೋರ್ ಬ್ಯಾಂಕಿಂಗಲ್ಲಿ ಎಂಟ್ರಿನೇ ಇರ್ತಿರ್ಲಿಲ್ಲ. ಇದ್ರಲ್ಲಿ ಕೋರ್‌ನಲ್ಲಿ ಎಂಟ್ರಿ ಆಗ್ದೆ ಸ್ವಿಫ್ಟ್‌ಗೆ ಒಂದಕ್ಷರನೂ ಹೊರಡಲ್ಲ. ಸಿಸ್ಟಮ್ ಹೀಗೇ ಇರ್ಬೇಕು.

ಅಡ್ರೆಸ್ ವಿಷಯದಲ್ಲಿ ಸ್ವಲ್ಪ ಎಡವುತ್ತೆ. ಸ್ವಿಫ್ಟ್‌ನ ಹಳೇ ಪೇಮೆಂಟ್ ಮೆಸೇಜ್ ನಮೂನೆ ಎಂಟಿ 103ರಲ್ಲಿ ಹೆಸರು ಅಡ್ರೆಸ್ ಎಲ್ಲಾ ಸೇರಿ ನಾಲ್ಕು ಸಾಲು, ಸಾಲಿಗೆ 35 ಅಕ್ಷರ, ತುರುಕಿದ್ರೆ ಮುಗೀತು. 2025ರ ನವೆಂಬರ್ 22ಕ್ಕೆ ಬ್ಯಾಂಕ್‌ಗಳ ನಡುವಿನ ಪೇಮೆಂಟ್‌ಗೆ ಆ ಹಳೇ ನಮೂನೆ ನಿಂತೋಯ್ತು, ಈಗ ಐಎಸ್‌ಒ 20022 ಅನ್ನೋ ಹೊಸ ಮಾನದಂಡದ ಪ್ಯಾಕ್ಸ್ 008 ನಮೂನೆ. ಇದ್ರಲ್ಲಿ ಊರು, ದೇಶಕ್ಕೆ ಬೇರೆ ಬೇರೆ ಖಾನೆ ಇದೆ, 2026ರ ನವೆಂಬರಿಂದ ಎಲ್ಲಾ ಒಟ್ಟಿಗೆ ಸುರಿಯೋ ಅಡ್ರೆಸ್ ನಡೆಯಲ್ಲ. ಸಾಫ್ಟ್‌ವೇರ್ ಹಳೇ ಅಡ್ರೆಸ್ಸನ್ನ ತಾನೇ ಬಿಡಿಸಿ ಹಾಕುತ್ತೆ, ಪುಣೆ ಹಿಂಜೆವಾಡಿ ಐಟಿ ಪಾರ್ಕಿನ ಅಡ್ರೆಸ್ ಆದ್ರೆ ನೀಟಾಗಿ ಕೂರುತ್ತೆ, 'ಮಠದ ಹತ್ರ, ಬ್ರಹ್ಮಾವರ ಪೋಸ್ಟ್, ಉಡುಪಿ' ಅಂತ ಇದ್ರೆ ಊರಿನ ಖಾನೆಗೆ ಮಠ ಹೋಗಿ ಕೂತಿರುತ್ತೆ. ನಾವು ಕೈಯಾರೆ ಸರಿ ಮಾಡ್ಬೇಕು.

ಇನ್ನು ಪರ್ಪಸ್ ಕೋಡ್ ಸ್ಕ್ರೀನ್. ಇದನ್ನ ಮಾಡಿದವರು ಒಂದಿನ ನಮ್ ಡೆಸ್ಕಲ್ಲಿ ಕೂತಿದ್ರೆ ಹೀಗೆ ಮಾಡ್ತಿರ್ಲಿಲ್ಲ ಅನ್ಸುತ್ತೆ. ಬರೋ ದುಡ್ಡು ಯಾತಕ್ಕೆ ಅಂತ ರಿಸರ್ವ್ ಬ್ಯಾಂಕಿನ ಕೋಡ್ ಹಾಕ್ಲೇಬೇಕು, ಮನೆ ಖರ್ಚಿಗೆ ಮಗ ಕಳಿಸಿದ್ದು ಪಿ1301, ಸಾಫ್ಟ್‌ವೇರ್ ಕನ್ಸಲ್ಟೆನ್ಸಿ ಆದ್ರೆ ಪಿ0802. ಪೂರ್ತಿ ಪಟ್ಟಿ ಒಂದೇ ಡ್ರಾಪ್‌ಡೌನ್‌ನಲ್ಲಿ ಇಳಿಬಿಟ್ಟಿದ್ದಾರೆ. 'ಫ್ಯಾಮಿಲಿ' ಅಂತ ಟೈಪ್ ಮಾಡಿದ್ರೆ ಏನೂ ಬರಲ್ಲ, ಯಾಕಂದ್ರೆ ಸರ್ಚು ವಿವರಣೆಯ ಮೊದಲ ಪದ ಮಾತ್ರ ನೋಡುತ್ತೆ, ಪಿ1301ರ ವಿವರಣೆ ಶುರುವಾಗೋದು 'ಇನ್‌ವರ್ಡ್' ಅಂತ. ಕೋಡ್ ಬಾಯಿಪಾಠ ಇರೋ ಸೀನಿಯರ್‌ಗಳಿಗೆ ತೊಂದ್ರೆ ಇಲ್ಲ, ಹೊಸದಾಗಿ ಸೇರಿದ ಹುಡುಗ್ರು ಕಣ್ಣಿಗೆ ಬಿದ್ದಿದ್ದನ್ನ ಒತ್ತಿ ಮುಂದೆ ಹೋಗ್ತಾರೆ. ಆಮೇಲೆ ರಿಸರ್ವ್ ಬ್ಯಾಂಕಿಗೆ ಹೋಗೋ ರಿಪೋರ್ಟೂ ತಪ್ಪು, ಎಕ್ಸ್‌ಪೋರ್ಟ್ ದುಡ್ಡಿಗೆ ಬೇರೆ ಕೋಡ್ ಬಿದ್ರೆ ಪಾಪ ಆ ಎಕ್ಸ್‌ಪೋರ್ಟರ್ ಶಿಪ್ಪಿಂಗ್ ಬಿಲ್ಲು ಇಡಿಪಿಎಂಎಸ್‌ನಲ್ಲಿ (ಎಕ್ಸ್‌ಪೋರ್ಟ್ ದುಡ್ಡು ಬಂತಾ ಅಂತ ನೋಡೋ ರಿಸರ್ವ್ ಬ್ಯಾಂಕಿನ ಸಿಸ್ಟಮ್) ಬಾಕಿ ಅಂತ್ಲೇ ಉಳ್ಕೊಳ್ಳುತ್ತೆ, ದುಡ್ಡು ಬಂದಿದ್ರೂ ಅವರು ಬ್ರಾಂಚಿಗೆ ಅಲೀಬೇಕು. ಕಂಪನಿಗೆ ಹೇಳಿದ್ದೀವಿ, ಮುಂದಿನ ವರ್ಷನ್‌ನಲ್ಲಿ ನೋಡೋಣ ಅಂದಿದ್ದಾರೆ.

ಒಟ್ಟು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಆ ಪೂರ್ತಿ ನಾಲ್ಕೂ ಸ್ಕ್ರೀನಿಂಗ್‌ಗೇ. ನಿಮ್ ಬ್ಯಾಂಕಿಗೆ ಡೆಮೋ ಕೊಡಕ್ಕೆ ಬಂದ್ರೆ ಅವರು ತಂದಿರೋ ಸ್ಯಾಂಪಲ್ ನೋಡಿ ತಲೆ ಆಡಿಸ್ಬೇಡಿ, ನಿಮ್ ಹಳ್ಳಿ ಬ್ರಾಂಚಿನ ಅಡ್ರೆಸ್‌ಗಳ ಥರದ್ದೇ ಒಂದಿಷ್ಟು ಮಾಡಿಟ್ಕೊಂಡು, ಇನಿಷಿಯಲ್ ಇರೋ ಹೆಸರುಗಳನ್ನೂ ಸೇರಿಸಿ, ಇದನ್ನ ಓಡಿಸಿ ತೋರ್ಸಿ ಅನ್ನಿ. ಪರ್ಪಸ್ ಕೋಡ್ ಸರ್ಚನ್ನ ಹೊಸ ಹುಡುಗ್ರ ಕೈಲೇ ಮಾಡಿಸಿ.